ಭಿತ್ತಿಪ್ರಮಾಣ ವಿಚಾರ: ಅಸೂಟಿಯ ಗೋಡೆಗಳನ್ನು ಕುರಿತ ಒಂದು ಸಂಶೋಧನ ಪ್ರಬಂಧ

ಯಥಾರ್ಥಜ್ಞಾನಕ್ಕೆ ಸಾಧನಗಳು ಎಷ್ಟೆಂಬ ವಿಷಯದಲ್ಲಿ ನಮ್ಮ ಪ್ರಾಚೀನರಿಗೆ ಏಕಾಭಿಪ್ರಾಯವಿರಲಿಲ್ಲವೆಂಬುದು ಸರ್ವವಿದಿತವಷ್ಟೆ. ಕಣ್ಣಿಗೆ ಕಂಡದ್ದೊಂದೇ ಸಾಕೆಂದು ಚಾರ್ವಾಕರು ಕೈತೊಳೆದುಕೊಂಡರು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂದು ನಾಲ್ಕನ್ನು ಒಪ್ಪಿದರು. ಭಾಟ್ಟ ಮೀಮಾಂಸಕರು ಅರ್ಥಾಪತ್ತಿಯನ್ನೂ ಅನುಪಲಬ್ಧಿಯನ್ನೂ ಸೇರಿಸಿ ಆರಕ್ಕೇರಿಸಿದರು. ಪೌರಾಣಿಕರು ಸಂಭವ, ಐತಿಹ್ಯಗಳನ್ನು ಕೂಡಿಸಿ ಎಂಟಾಗಿಸಿದರು. ಇಷ್ಟು ಜನ ಮಹಾನುಭಾವರು ಇಷ್ಟು ಶತಮಾನಗಳ ಕಾಲ ವಾದಿಸಿಯೂ, ಕೂಗಳತೆಯಲ್ಲಿಯೇ ನಿಂತಿದ್ದ ಗೋಡೆಯೆಂಬ ಒಂಬತ್ತನೆಯ ಪ್ರಮಾಣವನ್ನು ಕಾಣದೆ ಹೋದದ್ದು ಹೇಗೆಂಬ ಶಂಕೆಯು, ಪದವಿಯ ಕೊನೆಯ ವರುಷದಲ್ಲಿ ಕಿರುಪ್ರಬಂಧವೊಂದನ್ನು ಬರೆದೊಪ್ಪಿಸಲೇಬೇಕೆಂಬ ನಿಯಮಕ್ಕೆ ಕಟ್ಟುಬಿದ್ದು, ವಿಷಯವೇ ಸಿಕ್ಕದೆ, ರೋಣದಿಂದ ಅಸೂಟಿಗೆ ಬರುವ ಬಸ್ಸಿನ ಕಿಟಕಿಯಲ್ಲಿ ಕಣ್ಣಿಟ್ಟು ಕುಳಿತಿದ್ದ ಈ ಲೇಖಕನಲ್ಲಿ ಉದಿಸಿತು.

ಶಾಸ್ತ್ರಮರ್ಯಾದೆಯಂತೆ ಮೊದಲು ಲಕ್ಷಣವನ್ನು ಹೇಳತಕ್ಕದ್ದು. ಯಾವುದನ್ನು ಕಂಡೊಡನೆಯೇ 'ಇದಕ್ಕೆ ಆಧಾರವೇನು?' ಎಂದು ಕೇಳುವ ಇಚ್ಛೆಯು ನಾಶವಾಗುವುದೋ ಅದೇ ಭಿತ್ತಿಪ್ರಮಾಣ. ಈ ಲಕ್ಷಣವು ಪೊಲೀಸರ ಲಾಠಿಗೂ ಸಲ್ಲುವುದರಿಂದ ಅತಿವ್ಯಾಪ್ತಿದೋಷ ಬಂತಲ್ಲವೇ ಎಂದು ಪೂರ್ವಪಕ್ಷಿಯು ಕೇಳಬಹುದು. ಬರುವುದಿಲ್ಲ, ಲಾಠಿಯು ಇಚ್ಛೆಯನ್ನು ಅಡಗಿಸುತ್ತದೆಯೇ ಹೊರತು ನಾಶಗೊಳಿಸುವುದಿಲ್ಲ. ಪ್ರಬಂಧಕ್ಕೆ ಅಸೂಟಿಯನ್ನೇ ಕ್ಷೇತ್ರವಾಗಿ ಆರಿಸಿಕೊಂಡುದಕ್ಕೆ, ಅದು ಲೇಖಕನ ಸ್ವಗ್ರಾಮವೆಂಬುದೂ ಊಟದ ವೆಚ್ಚ ಉಳಿಯುವುದೆಂಬುದೂ ಕಾರಣಗಳಲ್ಲ. ಎರೆಭೂಮಿಯ ಈ ಬಯಲುಸೀಮೆಯಲ್ಲಿ, ಹಿಂಗಾರಿ ಜೋಳ ಕಡಲೆಗಳು ಎದ್ದು ನಿಲ್ಲುವ ನಾಲ್ಕು ತಿಂಗಳನ್ನು ಬಿಟ್ಟರೆ, ನೋಡುವವನ ದೃಷ್ಟಿಗೆ ತಡೆಯಾಗಿ ನಿಲ್ಲತಕ್ಕ ವಸ್ತುವು ಗೋಡೆಯೊಂದೇ ಆಗಿರುವುದರಿಂದ, ಅದರ ಪ್ರಭಾವವು ಇಲ್ಲಿ ಶುದ್ಧರೂಪದಲ್ಲಿ ದೊರೆಯುತ್ತದೆ.

ಕ್ಷೇತ್ರಕಾರ್ಯವು ಬಸ್ಸು ನಿಲ್ಲುವಲ್ಲಿಯ ಗೌಡರ ಮನೆಯ ಪಡುವಣ ಗೋಡೆಯಿಂದ ಆರಂಭವಾಯಿತು. ಕೈಯಲ್ಲಿ ಅಳತೆಯ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು, ಕಂಕುಳಲ್ಲಿ ನೋಟುಬುಕ್ಕು ಹಿಡಿದು ನಿಂತವನನ್ನು ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು ಬಹುಹೊತ್ತು ನೋಡಿ ಕೇಳಿದರು: "ಏ ತಮ್ಮಾ, ಮುಂಜಾನಿಂದ ಗ್ವಾಡಿ ಮುಂದ ನಿಂತೀಯಲ್ಲ, ಸುಣ್ಣಾ ಹಚ್ಚಾಂವೇನು?"

"ಇಲ್ರೀ ಕಾಕಾ, ಸಂಶೋಧನೆ ಮಾಡಾಕತ್ತೀನ್ರಿ."

"ಅಂದ್ರ ಸುಣ್ಣಾ ಹಚ್ಚಾಂವಲ್ಲ," ಎಂದು ಅವರು ನಿರ್ಣಯಿಸಿ, ತಂಬಾಕಿಗೆ ಸುಣ್ಣ ತೀಡುವ ತಮ್ಮ ಕಾರ್ಯಕ್ಕೆ ಮರಳಿದರು. ಸಂಶೋಧನೆಯನ್ನು ಅದು ಏನಲ್ಲವೋ ಅದರಿಂದ ತಿಳಿಯಬೇಕೆಂಬ ಈ ನಿಷೇಧಮುಖ ವ್ಯಾಖ್ಯೆಗಿಂತ ನಿರ್ದುಷ್ಟವಾದುದು ಲೇಖಕನಿಗೆ ಇದುವರೆಗೆ ಯಾವ ಗ್ರಂಥದಲ್ಲಿಯೂ ದೊರೆತಿಲ್ಲ.

ಆ ಗೋಡೆಯು ಪಂಡಿತರು ಓಲೆಗರಿಗಳಲ್ಲಿ ಹುಡುಕುವ ಪಾಠಾಂತರಗಳ ಭಂಡಾರವೇ ಆಗಿತ್ತು. ಎಲ್ಲಕ್ಕೂ ಕೆಳಗಿನ ಪದರದಲ್ಲಿ ಕುಟುಂಬಯೋಜನೆಯ ಕೆಂಪು ತ್ರಿಕೋನ, ಅದರ ಮೇಲೊಂದು ಗೊಬ್ಬರ, ಗೊಬ್ಬರದ ಮೇಲೆ ಸಿಮೆಂಟು, ಸಿಮೆಂಟಿನ ಮೇಲೆ ಹತ್ತಿಬೀಜ, ತುತ್ತತುದಿಯಲ್ಲಿ ಮೊಬೈಲು. ಬಿಸಿಲಿಗೆ ಬಣ್ಣವೆದ್ದು ಹಕ್ಕಳೆ ಉದುರಿದ ಕಡೆಗಳಲ್ಲಿ ಕೆಳಗಿನವು ಮೇಲಕ್ಕೆ ಇಣುಕಿ, ಒಂದೆಡೆಯಲ್ಲಂತೂ ತ್ರಿಕೋನದ ಪಕ್ಕದ 'ಚಿಕ್ಕ ಕುಟುಂಬ' ಎಂಬುದರ ಮುಂದೆಯೇ ಹತ್ತಿಬೀಜದ 'ಅಧಿಕ ಇಳುವರಿ' ಬಂದು ಕೂಡಿಕೊಂಡಿತ್ತು. ಇವುಗಳಲ್ಲಿ ಮೂಲಪಾಠವಾವುದು, ಪ್ರಕ್ಷಿಪ್ತವಾವುದು ಎಂಬುದನ್ನು ಆ ಮನೆಯ ಸಂತಾನಸಂಖ್ಯೆಯಿಂದ ನಿರ್ಣಯಿಸಬಹುದಾಗಿತ್ತು. ಗೌಡರ ಮರ್ಯಾದೆಗಾಗಿ ಅದನ್ನು ಇಲ್ಲಿ ಬಿಟ್ಟಿದೆ.

ಗೋಡೆ ಬರೆಯುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಪ್ರಬಂಧ ಬರೆಯುವ ಕ್ರಮವನ್ನು ಲೇಖಕನು ಕಲಿತದ್ದು ಅಲ್ಲಿಯೇ. ಪೇಂಟರನು ಮೊದಲು ಗೋಡೆಗೆ ಬಿಳಿಯ ಬಣ್ಣ ಬಳಿದು ಹಳೆಯದನ್ನೆಲ್ಲ ಮುಚ್ಚುತ್ತಾನೆ, ಪೂರ್ವಸೂರಿಗಳ ಮತವನ್ನು ನಾವು ಮೊದಲನೆಯ ಅಧ್ಯಾಯದಲ್ಲಿ ಮುಚ್ಚುವಂತೆ. ಅನಂತರ ನೀಲಿಯಲ್ಲದ್ದಿದ ದಾರದ ಎರಡು ತುದಿಗಳನ್ನು ತಾನೊಂದು, ಹುಡುಗನೊಂದು ಹಿಡಿದು, ನಡುವೆ ಎಳೆದು ಬಿಟ್ಟನೆಂದರೆ ಟಪ್ಪೆಂದು ಗೆರೆ ಮೂಡುತ್ತದೆ. ಅಕ್ಷರಗಳನ್ನು ಬೆರಳಿನಲ್ಲಿ ಎಣಿಸಿ ನಡುವಿನದನ್ನು ಗೊತ್ತುಮಾಡಿಕೊಂಡು, ಸೀಮೆಸುಣ್ಣದಿಂದ ಹೊರಗೆರೆಯೆಳೆದು, ಒಳಗೆ ಬಣ್ಣ ತುಂಬಿ, ಎಲ್ಲಕ್ಕೂ ಕಡೆಗೆ ಪ್ರತಿ ಅಕ್ಷರದ ಬಲಮಗ್ಗುಲಿಗೆ ಕರಿಯ ನೆರಳನ್ನು ಕೊಡುತ್ತಾನೆ. ಆ ನೆರಳು ಬೀಳುವವರೆಗೆ ಅದು ಬರೆಹ ಮಾತ್ರ. ನೆರಳು ಬಿದ್ದ ಮೇಲೆ ಅಕ್ಷರವು ಗೋಡೆಯಿಂದ ಒಂದು ಹೆಜ್ಜೆ ಮುಂದಕ್ಕೆ ಬಂದು ನೋಡುವವನ ಎದೆಯ ಮೇಲಿನ ಗುಂಡಿ ಹಿಡಿಯುತ್ತದೆ. ಕಾಗುಣಿತದಲ್ಲೊಂದು ದೋಷವನ್ನು ಲೇಖಕನು ವಿನಯದಿಂದ ತೋರಿಸಿದಾಗ ಪೇಂಟರನೆಂದ ಮಾತು ಚಿನ್ನದ ಅಕ್ಷರಗಳಲ್ಲಿ ಬರೆಯತಕ್ಕದ್ದು: "ಅಕ್ಷರ ತಪ್ಪಿದ್ರ ನಡೀತೈತ್ರಿ ಸರ, ಫೋನ್ ನಂಬರ ತಪ್ಪಬಾರದು." ವಿಷಯವು ಹೇಗಿದ್ದರೂ ಸರಿ, ಅಡಿಟಿಪ್ಪಣಿಯ ಪುಟಸಂಖ್ಯೆ ತಪ್ಪಕೂಡದೆಂದು ನಮ್ಮ ಮಾರ್ಗದರ್ಶಕರು ಒಂದು ಪೂರ್ಣ ಷಣ್ಮಾಸದಲ್ಲಿ ಬೋಧಿಸಿದ ತತ್ತ್ವವನ್ನು ಈ ಮಹಾಶಯನು ಏಣಿಯ ಮೇಲೆ ನಿಂತು ಒಂದೇ ವಾಕ್ಯದಲ್ಲಿ ಮುಗಿಸಿದನು.

ಇನ್ನು ಈ ಪ್ರಮಾಣದ ಪ್ರಾಚೀನತೆ. ನಮ್ಮ ಸೀಮೆಯ ಶಾಸನಗಳನ್ನು, ಉದಾಹರಣೆಗೆ ಬಾರ್ನೆಟ್ ಎಂಬ ಆಂಗ್ಲವಿದ್ವಾಂಸರು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದ ಸೂಡಿಯ ಶಾಸನಗಳಂಥವನ್ನು, ಓದಬಲ್ಲವರು ಅಂದೂ ವಿರಳ, ಇಂದೂ ವಿರಳ. ಆದರೆ ಇಂಥ ದಾನಶಾಸನಗಳ ನೆತ್ತಿಯಲ್ಲಿ ಕೊರೆದಿರುವ ಸೂರ್ಯಚಂದ್ರರನ್ನೂ ಲಿಂಗವನ್ನೂ ಕರುವಿಗೆ ಹಾಲೂಡುವ ಹಸುವನ್ನೂ ಯಾವ ದನಗಾಹಿಯೂ ಓದಬಲ್ಲನು. ದತ್ತಿಯ ಭೂಮಿಯ ಮೇರೆಗಳೆಷ್ಟು, ಮತ್ತರುಗಳೆಷ್ಟು ಎಂಬ ವಿವರ ನಡುವಿನಲ್ಲಿದ್ದರೆ, ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂದೂ ಅರವತ್ತು ಸಾವಿರ ವರುಷ ಮಲದಲ್ಲಿ ಕ್ರಿಮಿಯಾಗುವನೆಂದೂ ಕಟ್ಟಕಡೆಗೆ ಶಾಪಾಶಯ. ಯಾರೂ ಓದದ, ಆದರೆ ಎಲ್ಲರೂ ಹೆದರುವ, ತಳದಲ್ಲಿರುವ ಈ ಭಾಗವೇ ಅಡಿಟಿಪ್ಪಣಿಯ ಮೂಲಪುರುಷನೆಂದು ಲೇಖಕನ ದೃಢಮತ.

ಶಾಸನಕ್ಕಿಂತಲೂ ಒಂದು ಕೈ ಮೇಲಾದುದು ವೀರಗಲ್ಲು. ಅದರಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳು: ಕೆಳಗೆ ವೀರನು ತುರುಗಳಿಗಾಗಿಯೋ ಊರಿಗಾಗಿಯೋ ಕಾದುತ್ತಿರುವನು, ನಡುವೆ ಅಪ್ಸರೆಯರು ಅವನನ್ನು ತೋಳಲ್ಲಿ ಹಿಡಿದು ಮೇಲಕ್ಕೊಯ್ಯುತ್ತಿರುವರು, ಮೇಲೆ ಅವನು ಕೈಲಾಸದಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವನು. ವಿಚಾರವಂತರು ಗಮನಿಸಬೇಕು: ಕಾಳಗವನ್ನು ಕಂಡವರು ಊರಲ್ಲಿದ್ದರು; ಮಿಕ್ಕೆರಡನ್ನು ಕಂಡು ಬಂದು ಹೇಳಿದ ಸಾಕ್ಷಿಯೊಬ್ಬನೂ ಇಲ್ಲ. ಆದರೂ ಮೂರನ್ನೂ ಒಂದೇ ಉಳಿಯಿಂದ, ಒಂದೇ ಆಳಕ್ಕೆ, ಒಂದೇ ಕಲ್ಲಿನಲ್ಲಿ ಕೊರೆದಿರುವುದರಿಂದ ಮೊದಲನೆಯದು ನಿಜವಾದರೆ ಉಳಿದವೂ ನಿಜವೇ ಎಂದು ಕಣ್ಣು ತಾನೇ ಒಪ್ಪಿಕೊಂಡುಬಿಡುತ್ತದೆ. ಗಂಡನನ್ನು ಕಳೆದುಕೊಂಡವಳು ಅದರ ಮುಂದೆ ನಿಂತಾಗ ಆಧಾರ ಕೇಳಿರಲಾರಳು. ಇಲ್ಲಿ ಮಾತ್ರ ಲೇಖಕನು ನಗಲಾರನು.

ಈ ಮೂರು ಪಟ್ಟಿಕೆಗಳ ವಿನ್ಯಾಸವು ಇಂದಿಗೂ ಅಳಿದಿಲ್ಲವೆಂಬುದಕ್ಕೆ ಹುಟ್ಟುಹಬ್ಬದ ಫ್ಲೆಕ್ಸು ಜ್ವಲಂತ ನಿದರ್ಶನ. ಕೆಳಗಿನ ಪಟ್ಟಿಕೆಯಲ್ಲಿ ಶುಭ ಕೋರುವ ಗೆಳೆಯರ ಬಳಗದ ಸಾಲುಮುಖಗಳು. ನಡುವೆ ಕಪ್ಪು ಕನ್ನಡಕ ಧರಿಸಿ ಕೈಮುಗಿದು ಮುನ್ನಡೆಯುತ್ತಿರುವ ವೀರನು. ಮೇಲೆ, ಕೈಲಾಸಸ್ಥಾನದಲ್ಲಿ, ಮಠದ ಅಜ್ಜಾರು ಮತ್ತು ಪಕ್ಷದ ವರಿಷ್ಠರು. ಭೇದವಿಷ್ಟೆ: ಹಿಂದಿನವನು ಸಾಯಬೇಕಾಗಿತ್ತು, ಇಂದಿನವನು ಹುಟ್ಟಿದರೆ ಸಾಕು. 2016ರಲ್ಲಿ ರಾಜ್ಯ ಸರಕಾರವು ಪ್ಲಾಸ್ಟಿಕ್ಕಿನೊಡನೆ ಫ್ಲೆಕ್ಸನ್ನೂ ನಿಷೇಧಿಸಿತು. ಆದರೆ ಆಜ್ಞೆಯು ಕಾಗದದಲ್ಲಿಯೂ ಫ್ಲೆಕ್ಸು ಗಾಳಿಯಲ್ಲಿಯೂ ವಾಸಿಸುವುದರಿಂದ ಅವೆರಡೂ ಪರಸ್ಪರ ಸಂಧಿಸುವ ಪ್ರಸಂಗಗಳು ವಿರಳ.

ಚಿತ್ರವು ಸುಳ್ಳಿನ ಪಕ್ಷಪಾತಿಯೆಂದು ಇಷ್ಟರಿಂದಲೇ ತೀರ್ಮಾನಿಸುವುದು ತಪ್ಪು. ನಮ್ಮ ರೋಣ ತಾಲ್ಲೂಕಿನ ಹೊಳೆಆಲೂರಿನ ಮನೆತನದ ಆಲೂರ ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿ, ಕನ್ನಡಿಗರಿಗೊಂದು ನಾಡಿತ್ತೆಂಬುದನ್ನು ಶಾಸನ, ಗ್ರಂಥ, ಶಿಲ್ಪಗಳ ಆಧಾರದಿಂದ ವಾದಿಸಿದರು. ವಾದವು ಗೆಲ್ಲಲು ದಶಕಗಳು ಹಿಡಿದವು. ಅದೇ ತಾಲ್ಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು 1953ರಲ್ಲಿ, ಗದಗಿನ ಚಿತ್ರಕಾರ ಸಿ. ಎನ್. ಪಾಟೀಲರಿಂದ ತಾಯಿ ಭುವನೇಶ್ವರಿಯ ಚಿತ್ರವನ್ನು ಬರೆಯಿಸಿದರು. ಆಗ ನಾವು ಮುಂಬಯಿ ರಾಜ್ಯದ ಪ್ರಜೆಗಳು. ರಾಜ್ಯಗಳ ಪುನರ್ವಿಂಗಡಣೆಗಾಗಿ ಫಜಲ್ ಅಲಿ ಆಯೋಗದ ನೇಮಕ ಆ ವರುಷದ ಕೊನೆಗೆ, ವರದಿ 1955ಕ್ಕೆ, ರಾಜ್ಯ 1956ರ ನವೆಂಬರ್ 1ಕ್ಕೆ. ಅಂದರೆ, ಇನ್ನೂ ಇಲ್ಲದ ನಾಡೊಂದರ ತಾಯಿಯು ಜಕ್ಕಲಿಯಲ್ಲಿ ಅದಾಗಲೇ ಬಣ್ಣದಲ್ಲಿ ನಿಂತಿದ್ದಳು. ತಾಯಿಯಿರುವಾಗ ಮನೆಯಿಲ್ಲವೆನ್ನುವುದು ಹೇಗೆ? ಆಯೋಗದ ಪುಟಗಳನ್ನು ಓದಿದವರು ಜಕ್ಕಲಿಯಲ್ಲಿ ಎಷ್ಟು ಜನವೋ. ಪಟಕ್ಕೆ ಕೈಮುಗಿಯಲು ಅಕ್ಷರವೇ ಬೇಡ.

ಈ ಸಿದ್ಧಾಂತವನ್ನು ಲೇಖಕನು ಕಾಲೇಜಿನ ವಿಚಾರಗೋಷ್ಠಿಯಲ್ಲಿ ಮಂಡಿಸಿದಾಗ, ಲಕ್ಷಣ, ಪೂರ್ವಪಕ್ಷ, ಪರಿಹಾರಗಳನ್ನು ಓದುತ್ತಿರುವಷ್ಟು ಹೊತ್ತು ಸಭೆಯು ನಿದ್ರಿಸುತ್ತಿತ್ತು. ಆಮೇಲೆ ಪರದೆಯ ಮೇಲೆ ನಾಲ್ಕು ಬಣ್ಣಗಳ ಪೈ ಚಾರ್ಟೊಂದು ಮೂಡಿತು. ಅದರಲ್ಲಿ ಅಂಕಿಗಳಿರಲಿಲ್ಲ, ಯಾವ ಬಣ್ಣ ಏನನ್ನು ಸೂಚಿಸುವುದೆಂಬ ವಿವರವೂ ಇರಲಿಲ್ಲ, ಅದು ಪ್ರಮಾಣಪರೀಕ್ಷೆಗಾಗಿಯೇ ಉದ್ದೇಶಪೂರ್ವಕವಾಗಿ ರಚಿಸಿದ ಅರ್ಥಶೂನ್ಯ ಚಕ್ರ. ಹಿಂದಿನ ಸಾಲಿನವರೂ ಎಚ್ಚತ್ತರು, ತಲೆದೂಗಿದರು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಕೇಳಲ್ಪಟ್ಟ ಏಕೈಕ ಪ್ರಶ್ನೆಯೆಂದರೆ, ಹಸಿರಿನ ಭಾಗವು ಮುಂದಿನ ದಿನಗಳಲ್ಲಿ ಹೆಚ್ಚಬಹುದೇ ಎಂಬುದು. ಹೆಚ್ಚುವ ಲಕ್ಷಣಗಳಿವೆಯೆಂದು ಲೇಖಕನು ಗಂಭೀರವಾಗಿ ಉತ್ತರಿಸಿದನು.

ಪ್ರಬಂಧವು ರಟ್ಟು ಕಟ್ಟಿಸಿಕೊಂಡು, ಬೆನ್ನ ಮೇಲೆ ಬಂಗಾರದ ಬಣ್ಣದ ಅಕ್ಷರಗಳನ್ನು ಹೊತ್ತು ಊರಿಗೆ ಬಂದಾಗ ಅದರ ಪ್ರಥಮ ಪರೀಕ್ಷಕರು ಗೌಡರೇ ಆದರು. ಅವರು ಅದನ್ನು ಕೈಯಲ್ಲಿ ತೂಗಿ, ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಹಾರಿಸಿ ಕೇಳಿದರು: "ಇದರಾಗ ನಮ್ಮ ಗ್ವಾಡಿದು ಫೋಟೋ ಐತೇನೋ ತಮ್ಮಾ?"

"ಐತ್ರೀ ಗೌಡ್ರ, ನಲವತ್ತನೇ ಪುಟದಾಗ."

ಅವರು ಆ ಪುಟವನ್ನು ತೆಗೆದು, ಕನ್ನಡಕವನ್ನು ಮೂಗಿನ ತುದಿಗಿಳಿಸಿ ನೋಡಿ, ಎದುರಿಗಿದ್ದ ಗೋಡೆಯನ್ನೊಮ್ಮೆ ತಿರುಗಿ ನೋಡಿ, "ಹೌದಲ್ಲೋ, ಖರೇನ ಐತಿ," ಎಂದರು. ಸುತ್ತಲಿನ ಬರೆಹದ ಕಡೆಗೆ ಅವರ ದೃಷ್ಟಿ ಹೋಗಲಿಲ್ಲ. ಬರುವ ತಿಂಗಳು ಮೊಮ್ಮಗನ ಜಾವಳವಿರುವುದರಿಂದ, ಇದೇ ಫೋಟೋವನ್ನು ಹಿಂದಿಟ್ಟು, ಮುಂದೆ ಕೂಸನ್ನೂ ಮೇಲೆ ಅಜ್ಜಾರನ್ನೂ ಕೂಡಿಸಿ ಹತ್ತು ಬೈ ಎಂಟರ ಫ್ಲೆಕ್ಸೊಂದನ್ನು ರೋಣದಲ್ಲಿ ಮಾಡಿಸಿಕೊಂಡು ಬರಬೇಕೆಂದು, ಮುಂಗಡವಾಗಿ ಐನೂರರ ನೋಟೊಂದನ್ನು ಪ್ರಬಂಧದೊಳಗೇ ಇಟ್ಟು ಮರಳಿಸಿದರು.