ಬಿಳಿಯಂಚಿನ ನಂದಿಬಟ್ಟಲು ಸಾಕುವವರು

ಬಿಳಿಯಂಚಿನ ಎಲೆಯ ಗಿಡ್ಡ ನಂದಿಬಟ್ಟಲನ್ನು ಸಾಕುವವರು ಗಿಡಪ್ರಿಯರಲ್ಲೇ ಒಂದು ಪ್ರತ್ಯೇಕ ಪಂಗಡ. ಗುಲಾಬಿಯವರು, ಸೇವಂತಿಗೆಯವರು ಹೂ ಬಿಟ್ಟ ದಿನಗಳಲ್ಲಿ ಮಾತ್ರ ನೆರೆಹೊರೆಗೆ ತೊಂದರೆ ಕೊಡುತ್ತಾರೆ. ಈ ಪಂಗಡಕ್ಕೆ ಮುಖ್ಯವಾದದ್ದು ಎಲೆ. ಎಲೆ ಹನ್ನೆರಡು ತಿಂಗಳೂ ಇರುವುದರಿಂದ ಇವರಿಗೆ ರಜೆ ಎಂಬುದಿಲ್ಲ. ಲಕ್ಷಣಗಳು ಸಾಮಾನ್ಯವಾಗಿ ನಿವೃತ್ತಿಯ ಮೊದಲ ವರ್ಷದಲ್ಲಿ ಕಾಣಿಸಿಕೊಳ್ಳುತ್ತವೆ. ಗಂಡಸರಲ್ಲಿ ಹೆಚ್ಚು. ಹೆಂಗಸರು ದೇವರಿಗೂ ಮುಡಿಗೂ ಹೂ ಬೇಕೆನ್ನುವವರಾದ್ದರಿಂದ ಬರೀ ಎಲೆಗೆ ಮರುಳಾಗುವುದು ಅಪರೂಪ.

ಇಂಥವರು ಕರ್ನಾಟಕದ ಎಲ್ಲ ಊರುಗಳಲ್ಲೂ ಇದ್ದಾರೆ. ಇಲ್ಲಿ ವಿವರಿಸಿರುವ ಮಾದರಿ ಅಜ್ಜಂಪುರ ತಾಲ್ಲೂಕಿನ ಶಿವನಿಯದು, ನಿವೃತ್ತ ಮೇಷ್ಟ್ರು. ವಿವರಗಳೆಲ್ಲ ಅವರ ಪಕ್ಕದ ಮನೆಯವನಿಂದ ದೊರೆತವು. ಅವನು ಮೇಷ್ಟ್ರ ಹಳೆಯ ವಿದ್ಯಾರ್ಥಿ, ಆದ್ದರಿಂದ ಅವರು ಕರೆದಾಗ ಇಲ್ಲ ಎನ್ನುವ ಹಾಗಿಲ್ಲ. ಅವನು ನಿಷ್ಪಕ್ಷಪಾತಿಯಲ್ಲ ಎಂಬುದನ್ನು ಓದುಗರು ಲೆಕ್ಕಕ್ಕೆ ಹಿಡಿಯಬೇಕು.

ಮೊದಲು ಗಿಡದ ವಿಷಯ. ನಂದಿಬಟ್ಟಲು ನಮ್ಮ ಕಡೆ ಹಿತ್ತಲು, ದೇವಸ್ಥಾನಗಳ ಹಳೆಯ ಗಿಡ. ಬಿಟ್ಟರೆ ಆಳೆತ್ತರಕ್ಕೂ ಮೀರಿ ಬೆಳೆಯುತ್ತದೆ, ಕಿತ್ತಷ್ಟೂ ಹೂ ಕೊಡುತ್ತದೆ, ಎಲೆ ಮುರಿದರೆ ಹಾಲು ಸುರಿಸುತ್ತದೆ. ಶಾಸ್ತ್ರೀಯ ಹೆಸರು ಟ್ಯಾಬರ್ನೆಮೊಂಟಾನಾ ಡೈವಾರಿಕೇಟಾ. 16ನೇ ಶತಮಾನದ ಜರ್ಮನ್ ವೈದ್ಯನೊಬ್ಬನ ನೆನಪಿಗೆ ಇಟ್ಟ ಹೆಸರಿದು. ಮೇಷ್ಟ್ರು ಇದನ್ನು ಒಂದೇ ಉಸಿರಿನಲ್ಲಿ ಹೇಳಿ, ಕೇಳಿದವರೂ ಹೇಳುವವರೆಗೆ ಬಿಡುವುದಿಲ್ಲ. ಇದರ ಗಿಡ್ಡ ತಳಿ ಎರಡು ಮೂರು ಅಡಿಗೆ ನಿಂತುಬಿಡುತ್ತದೆ. ಎಲೆಯ ನಡುವೆ ಹಸಿರು, ಅಂಚಿಗೆ ಬಿಳಿ ಇಲ್ಲವೇ ಕೆನೆಬಣ್ಣ, ಒಂದೆಲೆಯಂತೆ ಇನ್ನೊಂದಿಲ್ಲ. ಹೂ ಅದೇ ಐದೆಸಳಿನ ಗಿರಗಟ್ಟಲೆ, ಆದರೆ ಚಿಕ್ಕದು. ನರ್ಸರಿಯವರು ಇದಕ್ಕೆ ವೆರಿಗೇಟೆಡ್ ಎನ್ನುತ್ತಾರೆ, ಹಾಗೆಂದ ಕೂಡಲೇ ಬೆಲೆ ಏರುತ್ತದೆ.

ಬಿಳಿ ಎಂದರೆ ಅಲ್ಲಿ ಪತ್ರಹರಿತ್ತು ಇಲ್ಲ ಎಂದರ್ಥ. ಅಂದರೆ ಎಲೆಯ ಆ ಭಾಗ ಅಡಿಗೆ ಮಾಡುವುದಿಲ್ಲ, ಹಸಿರು ಭಾಗ ಮಾಡಿಟ್ಟದ್ದನ್ನು ಕೂತು ಉಣ್ಣುತ್ತದೆ. ಗಿಡ ನಿಧಾನವಾಗಿ ಬೆಳೆಯುವುದಕ್ಕೂ ಹೂ ಕಡಿಮೆ ಬಿಡುವುದಕ್ಕೂ ಇದೇ ಕಾರಣ. ಚಿಗುರಿನ ತುದಿಯಲ್ಲಿರುವ ಜೀವಕೋಶಗಳ ಪದರಗಳಲ್ಲಿ ಒಂದು ಹಸಿರು ಮಾಡಬಲ್ಲುದು, ಇನ್ನೊಂದು ಮಾಡಲಾರದು. ಒಂದೇ ಗಿಡದೊಳಗೆ ಎರಡು ಸಂಸಾರ. ಇಂಥ ಮಿಶ್ರಗಿಡದ ಗುಟ್ಟನ್ನು ವಿಜ್ಞಾನಿಗಳು ಬಿಡಿಸಿದ್ದು 20ನೇ ಶತಮಾನದ ಆರಂಭದಲ್ಲಿ. 1909ರಲ್ಲಿ ಕಾರ್ಲ್ ಕೊರೆನ್ಸ್ ನಮ್ಮ ಹಿತ್ತಲುಗಳಲ್ಲಿ ತಾನಾಗಿ ಹುಟ್ಟುವ ಸಂಜೆಮಲ್ಲಿಗೆಯ ಮೇಲೆ ಪ್ರಯೋಗ ನಡೆಸಿ, ಬೀಜ ಹಸಿರು ಕೊಂಬೆಯದಾದರೆ ಮರಿ ಹಸಿರು, ಬಿಳಿ ಕೊಂಬೆಯದಾದರೆ ಬಿಳಿ, ಮಚ್ಚೆ ಕೊಂಬೆಯದಾದರೆ ಮೂರೂ ಬಗೆ ಎಂದು ತೋರಿಸಿದ. ಪರಾಗ ಯಾವ ಕೊಂಬೆಯದಾದರೂ ಲೆಕ್ಕಕ್ಕಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಅಜ್ಜಿಯರು ಮೊದಲೇ ಹೇಳಿದ್ದರು, ಅವರಿಗೆ ಪದವಿ ಸಿಗಲಿಲ್ಲ. ಪೂರ್ತಿ ಬಿಳಿ ಸಸಿಗಳು ಬೀಜದ ಬುತ್ತಿ ಮುಗಿದೊಡನೆ ಸಾಯುತ್ತವೆ. ನಂದಿಬಟ್ಟಲಿನ ಬಿಳಿಯಂಚನ್ನೂ ಬೀಜದಿಂದ ನಂಬುವಂತಿಲ್ಲ, ಕಡ್ಡಿಯಿಂದಲೇ ವಂಶ ಬೆಳೆಸಬೇಕು.

ಇಂಥ ಗಿಡವನ್ನು ಇಂಥ ಜಿಲ್ಲೆಯಲ್ಲಿ ಸಾಕುವುದರಲ್ಲೇ ಒಂದು ತಮಾಷೆ ಇದೆ. ಚಿಕ್ಕಮಗಳೂರು ಜಿಲ್ಲೆಯ ಪಡುವಲಲ್ಲಿ, ಕೊಪ್ಪ ಶೃಂಗೇರಿಗಳಲ್ಲಿ, ಅಡಕೆ ಮರದ ಗರಿ ಹಳದಿಯಾಯಿತೆಂದು ತೋಟಕ್ಕೆ ತೋಟವೇ ಕಂಗಾಲು. ಹಳದಿ ಎಲೆ ರೋಗಕ್ಕೆ ಖಚಿತವಾದ ಮದ್ದು ಇನ್ನೂ ಸಿಕ್ಕಿಲ್ಲ. ಅದೇ ಜಿಲ್ಲೆಯ ಮೂಡಲ ಅಂಚಿನ ಬಯಲುಸೀಮೆಯಲ್ಲಿ ಒಬ್ಬರು ದುಡ್ಡು ಕೊಟ್ಟು ಬಿಳಿಚಿದ ಎಲೆ ತಂದು, ಅದು ಹಸಿರಾಗದಂತೆ ಕಾವಲು ಕಾಯುತ್ತಾರೆ. ಈರುಳ್ಳಿ ಬೆಳೆಯುವ ರೈತರೊಬ್ಬರು ಮೇಷ್ಟ್ರ ಗೇಟಿನ ಬಳಿ ನಿಂತು, "ಮೇಷ್ಟ್ರೇ, ಗಿಡಕ್ಕೆ ನಂಜು ತಗಲೈತೆ. ಕಿತ್ತಾಕಿ, ಇಲ್ಲಾಂದ್ರೆ ಔಷ್ದಿ ಹೊಡೀರಿ" ಎಂದರು. ಮೇಷ್ಟ್ರು ಅವರನ್ನು ಒಳಗೆ ಕರೆದು ಕೂರಿಸಿದರು. ರೈತರು ಹೊರಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅಂದಿನಿಂದ ಅವರು ಹೊಲಕ್ಕೆ ಬೇರೆ ದಾರಿ ಹಿಡಿದಿದ್ದಾರೆ.

ಗಿಡ ತೋರಿಸುವುದು ಈ ಪಂಗಡದ ಮುಖ್ಯ ಚಟುವಟಿಕೆ. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಇದು ಶುರುವಾಗುತ್ತದೆ, ಕಾಫಿ ಕೊನೆಗೆ. ಮದುವೆಯ ಕರೆಯೋಲೆ ಕೊಡಲು ಬಂದವರಿಗೂ ವಿನಾಯಿತಿ ಇಲ್ಲ. ಹೊರಟವರ ಕೈಗೆ ಕಡ್ಡಿ ಕೊಡುತ್ತಾರೆಂದು ಭಾವಿಸಬಾರದು, ಕೊಡುವುದಿಲ್ಲ. ಕೇಳುವುದಕ್ಕೆ ಮಾತ್ರ ಸಂಕೋಚವಿಲ್ಲ. ಕೇಳಿ ತಂದದ್ದಕ್ಕಿಂತ ಕದ್ದು ತಂದ ಕಡ್ಡಿ ಚೆನ್ನಾಗಿ ಚಿಗುರುತ್ತದೆಂಬ ನಂಬಿಕೆ ನಾಡಿನಲ್ಲೆಲ್ಲ ಇದೆ. ಹೈಸ್ಕೂಲಿನಲ್ಲಿ ನೀತಿಪಾಠ ಮಾಡಿದ ಮೇಷ್ಟ್ರೂ ಇದನ್ನು ಮನಸಾರೆ ಒಪ್ಪುತ್ತಾರೆ. ಅವರ ಜುಬ್ಬದ ಜೇಬಿನಲ್ಲಿ ಸಣ್ಣದೊಂದು ಕತ್ತರಿ ಸದಾ ಇರುತ್ತದೆ.

ಆದರೆ ಪಂಗಡದ ನಿಜಸ್ವರೂಪ ತಿಳಿಯುವುದು ಇವರು ಪರಸ್ಥಳಕ್ಕೆ ಹೋದಾಗ. ಒಂದು ಬೇಸಿಗೆಯಲ್ಲಿ ಮೇಷ್ಟ್ರು, ಅಮ್ಮನವರು ಬೆಂಗಳೂರಿನ ಮಗಳ ಮನೆಗೆ ಹೊರಟರು. ಗೇಟಿನ ಬೀಗದ ಕೈ ಪಕ್ಕದ ಮನೆಗೆ ಬಂತು, ಜೊತೆಗೆ ಗೆರೆ ಹಾಕಿದ ಹಾಳೆಯ ಎರಡೂ ಬದಿಯಲ್ಲಿ ಸೂಚನೆಗಳು. ಬೆಳಿಗ್ಗೆ ಬಿಸಿಲೇರುವ ಮೊದಲು ಬುಡಕ್ಕೆ ಒಂದು ಚೊಂಬು ನೀರು. ಎಲೆಯ ಮೇಲೆ ನೀರು ಬೀಳಕೂಡದು. ಹತ್ತು ಗಂಟೆಗೆ ಕುಂಡವನ್ನು ನೆರಳುಪರದೆಯ ಕೆಳಗೆ ಸರಿಸತಕ್ಕದ್ದು, ಸಂಜೆ ಮತ್ತೆ ಹೊರಗೆ. ಇಷ್ಟರ ಕೆಳಗೆ ಕೆಂಪು ಶಾಯಿಯಲ್ಲಿ: ಪ್ರೀತಿಯಿಂದ ಗೊಬ್ಬರ ಹಾಕಬಾರದು. ಪಕ್ಕದ ಮನೆಯವನಿಗೆ ಆಗ ಐವತ್ತು ದಾಟಿತ್ತು. ಆದರೂ ಆ ಹಾಳೆಯನ್ನು ಹೋಂವರ್ಕಿನಂತೆ ಪಾಲಿಸಿದ. ದಿನಾ ಸಂಜೆ ಫೋನು ಬರುತ್ತಿತ್ತು. ಗಿಡ ಹೇಗಿದೆ ಎಂಬುದು ಮೊದಲ ಪ್ರಶ್ನೆ, ಮಳೆ ಬಂತೇ ಎಂಬುದು ಎರಡನೆಯದು. ಪಕ್ಕದ ಮನೆಯವನ ಆರೋಗ್ಯ ಪಠ್ಯದಲ್ಲಿರಲಿಲ್ಲ.

ಕೆಲವು ವಾರ ಕಳೆಯಿತು. ಗಿಡದ ಬುಡದಿಂದ ಒಂದು ಕೊಂಬೆ ಎದ್ದಿತು. ಉಳಿದ ಕೊಂಬೆಗಳು ಎರಡೆಲೆ ಬಿಡುವಷ್ಟರಲ್ಲಿ ಇದು ಗೇಣುದ್ದ ಬೆಳೆದು, ದಪ್ಪನೆಯ ಕಡುಹಸಿರು ಎಲೆಗಳನ್ನು ಹೊತ್ತು ಎದೆಯುಬ್ಬಿಸಿ ನಿಂತಿತು. ಒಂದು ಚುಕ್ಕೆ ಬಿಳಿ ಇರಲಿಲ್ಲ. ಪಕ್ಕದ ಮನೆಯವನಿಗೆ ಹಿಗ್ಗೋ ಹಿಗ್ಗು. "ಮೇಷ್ಟ್ರೇ, ಗಿಡ ಭಾಳ ಸುಧಾರಿಸಿದೆ. ಹಸಿರಾಗ್ತಾ ಇದೆ" ಎಂದು ಫೋನಿನಲ್ಲಿ ಹೇಳಿದ. ಆ ಕಡೆ ಮಾತೇ ಇಲ್ಲ. ಮರುದಿನ ಮೇಷ್ಟ್ರು ಒಬ್ಬರೇ ರೈಲಿನಲ್ಲಿ ಬಂದು ಶಿವನಿ ಸ್ಟೇಷನ್ನಿನಲ್ಲಿ ಇಳಿದರು. ಮನೆಯ ಬಾಗಿಲನ್ನೂ ತೆಗೆಯಲಿಲ್ಲ, ಕೈಚೀಲವನ್ನೂ ಕೆಳಗಿಡಲಿಲ್ಲ. ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಯ್ಯೋ, ರೋಗ ಬಂದುಬಿಟ್ಟಿದೆಯಲ್ಲೋ!" ಎಂದರು. ಜೇಬಿನಿಂದ ಕತ್ತರಿ ತೆಗೆದು ಗಿಡದಲ್ಲಿ ಆರೋಗ್ಯವಾಗಿದ್ದ ಒಂದೇ ಒಂದು ಕೊಂಬೆಯನ್ನು ಬುಡಕ್ಕೆ ಕತ್ತರಿಸಿ ಬೇಲಿಯಾಚೆ ಎಸೆದರು.

ಶಾಸ್ತ್ರದ ಪ್ರಕಾರ ಮೇಷ್ಟ್ರು ಮಾಡಿದ್ದೇ ಸರಿ. ಬೆರಕೆ ಗಿಡ ಆಗಾಗ ತನ್ನ ಹಳೆಯ ಹಸಿರಿಗೆ ಮರಳುತ್ತದೆ. ಹಸಿರು ಕೊಂಬೆಗೆ ಅಡಿಗೆಮನೆ ದೊಡ್ಡದಾದ್ದರಿಂದ ಅದು ಬೇಗ ಬೆಳೆದು ಉಳಿದವನ್ನು ಅಮುಕುತ್ತದೆ. ಬಿಟ್ಟರೆ ಕೆಲವೇ ವರ್ಷಗಳಲ್ಲಿ ಬಿಳಿ ಮಾಯ. ಇಷ್ಟನ್ನೂ ಅವರು ಅಂದೇ ವಿವರಿಸಿದರು, ಬಿಸಿಲಲ್ಲಿ ನಿಲ್ಲಿಸಿ.

ಹುಳುವಿನ ಪ್ರಸಂಗವೂ ಸಣ್ಣದಲ್ಲ. ನಂದಿಬಟ್ಟಲು, ಕಣಗಿಲೆಗಳನ್ನು ತಿನ್ನುವ ಒಂದು ಕಂಬಳಿಹುಳುವಿದೆ, ಮೈಮೇಲೆ ಕಂಬಳಿಯಿಲ್ಲ ಅಷ್ಟೆ. ಬೆರಳುದ್ದ, ನುಣುಪು, ಹಸಿರು. ಹಿಂದೆ ಮೋಟು ಕೊಂಬು, ತಲೆಯ ಹತ್ತಿರ ಕಣ್ಣಿನಂತೆ ಕಾಣುವ ಎರಡು ನೀಲಿ ಬೊಟ್ಟು. ಬೆಳ್ಳಿ ಬೆಲೆಯ ಬಿಳಿಯಂಚನ್ನೂ ಬಿಟ್ಟಿ ಹಸಿರನ್ನೂ ಒಂದೇ ರುಚಿಯಲ್ಲಿ ಮೇಯುತ್ತದೆ. ಮೇಷ್ಟ್ರು ಜೀವಹಿಂಸೆ ಮಾಡುವವರಲ್ಲ. ಹುಳುವನ್ನು ಕಡ್ಡಿಯ ಮೇಲೆ ಹತ್ತಿಸಿಕೊಂಡು, ಬೇಲಿ ದಾಟಿ ಬಂದು, ಪಕ್ಕದ ಮನೆಯವನ ನಂದಿಬಟ್ಟಲ ಮೇಲೆ ಇಳಿಸಿ ಹೋದರು. ಅದು ಮುಂದೆ ಪತಂಗವಾಗಿ, ಹಸಿರು, ತಿಳಿಗೆಂಪು, ಬಿಳಿ ಬಣ್ಣಗಳ ಚಿತ್ತಾರದ ರೆಕ್ಕೆ ಬಿಚ್ಚಿ ಗೋಡೆಯ ಮೇಲೆ ಕೂತಾಗ, ಪಕ್ಕದ ಮನೆಯವನು "ಇದೂ ವೆರಿಗೇಟೆಡ್ಡೇ" ಎಂದು ತನಗೆ ತಾನೇ ಹೇಳಿಕೊಂಡ. ಈಚೆಗೆ ಅವನು ತರೀಕೆರೆಯ ಮದುವೆಮನೆಯೊಂದರಲ್ಲಿ ಊಟದ ಪಂಕ್ತಿ ಬಿಟ್ಟು ಛತ್ರದ ಅಂಗಳದ ಕುಂಡಗಳನ್ನು ನೋಡುತ್ತಿದ್ದನೆಂದು ಅವನ ಹೆಂಡತಿ ಹೇಳುತ್ತಾಳೆ. ಸೋಂಕು ಹರಡುವ ಬಗೆ ಇನ್ನೂ ಸ್ಪಷ್ಟವಾಗಿಲ್ಲ.

ಈ ಗಿಡವನ್ನು ಮೇಷ್ಟ್ರು ತಂದದ್ದು ಲಾಲ್‌ಬಾಗಿನಲ್ಲಿ ಸ್ವಾತಂತ್ರ್ಯ ದಿನದ ಹೊತ್ತಿಗೆ ನಡೆಯುವ ಫಲಪುಷ್ಪ ಪ್ರದರ್ಶನದಿಂದ. ಕೊಡಿಸಿದ್ದು ಮಗಳು. ಕೆಲಸಕ್ಕೆ ಸೇರಿದ ಮೇಲೆ ಅವಳು ಅಪ್ಪನಿಗೆಂದು ಕೊಂಡ ಮೊದಲ ವಸ್ತು ಅದು. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಊರಿಗೆ ತಂದರಂತೆ. ಈಗಲೂ ಮಗಳ ಫೋನು ಬಂದರೆ ಮೇಷ್ಟ್ರು, "ಹೊಸ ಎಲೆ ಬಿಟ್ಟಿದೆ ಕಣಮ್ಮ, ಈ ಸಲ ಬಿಳಿ ಜಾಸ್ತಿ" ಎಂದು ಶುರು ಮಾಡುತ್ತಾರೆ. ಊರಿಗೆ ಯಾವಾಗ ಬರುತ್ತೀಯ ಎಂದು ಅವರು ಕೇಳಿದ್ದನ್ನು ಪಕ್ಕದ ಮನೆಯವನು ಕೇಳಿಲ್ಲ, ಗೋಡೆ ತೆಳ್ಳಗಿದ್ದರೂ. ಎಲೆಯ ವರದಿ ಮುಗಿದ ಮೇಲೂ ಫೋನನ್ನು ಕೂಡಲೇ ಇಡುವುದಿಲ್ಲ.

ಬೆಳೆಸಬೇಕೆನ್ನುವವರಿಗೆ ಕ್ರಮ ಕಷ್ಟದ್ದಲ್ಲ. ಮಳೆಗಾಲದ ಮೊದಲ ತಿಂಗಳಲ್ಲಿ, ತೀರ ಎಳೆಯದೂ ತೀರ ಬಲಿತದ್ದೂ ಅಲ್ಲದ, ಬಿಳಿ ಹಸಿರು ಎರಡೂ ಇರುವ ಕೊಂಬೆಯಿಂದ ಗೇಣಿಗೆ ಕಡಿಮೆಯ ಕಡ್ಡಿ ಕತ್ತರಿಸಬೇಕು. ಕೆಳಗಿನ ಎಲೆ ತೆಗೆದು, ಒಸರುವ ಹಾಲು ಒರೆಸಿ, ಮರಳು ಬೆರೆಸಿದ ಕೆಮ್ಮಣ್ಣಿನಲ್ಲಿ ನೆರಳಲ್ಲಿ ನೆಡಬೇಕು. ಬೇರು ಬರಲು ಒಂದು ತಿಂಗಳಿಗಿಂತ ಹೆಚ್ಚೇ ಬೇಕಾಗಬಹುದು, ದಿನಾ ಕಿತ್ತು ನೋಡಬಾರದು. ಅಜ್ಜಂಪುರದ ಸುತ್ತಿನ ಎರೆಮಣ್ಣು ನೀರು ಹಿಡಿದಿಟ್ಟು ಬೇರು ಕೊಳೆಸುವುದರಿಂದ ಅಂಥ ಕಡೆ ಕುಂಡವೇ ವಾಸಿ. ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನದ ಬಿಸಿಲು ಬಿಳಿಯಂಚನ್ನು ಸುಟ್ಟು ಕಂದು ಮಾಡುತ್ತದೆ. ತೀರ ಕತ್ತಲೆಯಾದರೆ ಬಣ್ಣ ಮಂಕಾಗುತ್ತದೆ. ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಹಿಡಿ ಸಾಕು, ಯೂರಿಯಾ ಬೇಡವೇ ಬೇಡ. ಹಿಟ್ಟುತಿಗಣೆ ಕಂಡರೆ ಸಾಬೂನು ನೀರಿನಲ್ಲಿ ಬೇವಿನೆಣ್ಣೆ ಕದಡಿ ಸಿಂಪಡಿಸಬೇಕು.

ಹಸಿರು ಕೊಂಬೆ ಎದ್ದರೆ ಕತ್ತರಿಸಲೇಬೇಕು, ಎಸೆಯಬೇಕೆಂದಿಲ್ಲ. ಅದೂ ಕಡ್ಡಿಯೇ. ಅಂದು ಬೇಲಿಯಾಚೆ ಬಿದ್ದದ್ದನ್ನು ಪಕ್ಕದ ಮನೆಯವನು ಬಚ್ಚಲ ನೀರು ಹರಿಯುವ ಕಡೆ ನೆಟ್ಟ. ಮೇಷ್ಟ್ರ ಮನೆಯ ದೇವರ ಪೂಜೆಗೆ ಅಮ್ಮನವರು ದಿನಾ ಬೆಳಿಗ್ಗೆ ಹೂ ಬಿಡಿಸಿಕೊಳ್ಳುವುದು ಆ ಗಿಡದಿಂದಲೇ.