ಸರ್ವಾಧಿಕಾರ ಸಂಧಿಪ್ರಕರಣ

ಎರಡು ವರ್ಣಗಳು ಕಾಲವಿಳಂಬವಿಲ್ಲದೆ ಕೂಡುವುದಕ್ಕೆ ಸಂಧಿಯೆಂದು ಹೆಸರು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನಾದರೂ, ಕುರ್ಚಿ ಮತ್ತು ಅದರಲ್ಲಿ ಕೂತವನು ಎಂಬೆರಡು ಪದಗಳು ಹಾಗೆ ಕೂಡಿಕೊಂಡು ಮತ್ತೆ ಬಿಡಿಸಲು ಬಾರದಂತಾದರೆ ಅದು ಯಾವ ಸಂಧಿ ಎಂಬುದನ್ನು ಹೇಳದೆ ಹೋದನು. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಕರಣದ ಪ್ರಯೋಜನ. ಉದಾಹರಣೆಗಳಿಗಂತೂ ಬರವಿಲ್ಲ: ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ವಿ-ಡೆಮ್ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ಎಣಿಕೆಯಲ್ಲಿ ಸರ್ವಾಧಿಕಾರದ ದೇಶಗಳು 91, ಪ್ರಜಾಪ್ರಭುತ್ವದವು 88. ಮೊದಲನೆಯ ಸಂಖ್ಯೆ ಎರಡನೆಯದನ್ನು ದಾಟಿದ್ದು ಎರಡು ದಶಕಗಳಲ್ಲಿ ಇದೇ ಮೊದಲಾದ್ದರಿಂದ ವೈಯಾಕರಣರಿಗೆ ಇದು ಸುಭಿಕ್ಷ ಕಾಲ.

ಸರ್ವಾಧಿಕಾರವೆಂದರೆ ಚುನಾವಣೆಯೇ ಇಲ್ಲದಿರುವುದು ಎಂಬುದು ಪೂರ್ವಪಕ್ಷ, ಅಂದರೆ ಖಂಡಿಸುವುದಕ್ಕಾಗಿಯೇ ಮೊದಲು ಎತ್ತಿಕೊಳ್ಳುವ ಎದುರಾಳಿಯ ವಾದ. ಈಗಿನ ಸರ್ವಾಧಿಕಾರಿಯು ಚುನಾವಣೆಯನ್ನು ಪಂಚಾಂಗದ ಹಬ್ಬದಂತೆ ತಪ್ಪದೆ ಆಚರಿಸುತ್ತಾನೆ. ಪದಗಳೆರಡನ್ನೂ ಇದ್ದಂತೆಯೇ ಉಳಿಸಿ, ಅವು ಕೂಡುವ ಜಾಗದಲ್ಲಷ್ಟೇ ಕೈಯಾಡಿಸುತ್ತಾನೆ. ಹೀಗೆ ಕೈಯಾಡಿಸುವ ಬಗೆಗಳು ಮೂರು.

ಮೊದಲನೆಯದು ಲೋಪ. ಮಾತು ಮತ್ತು ಇಲ್ಲ ಸೇರಿದರೆ ಮಾತಿಲ್ಲ. ಇಲ್ಲಿ ಪೂರ್ವಪದದ ಕೊನೆಯ ಸ್ವರ ಸದ್ದಿಲ್ಲದೆ ಬಿದ್ದುಹೋಗುತ್ತದೆ, ಮತ್ತು ಸ್ವರವೆಂಬ ಪದಕ್ಕೆ ದನಿಯೆಂಬ ಅರ್ಥವೂ ಇರುವುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ನಿಕರಾಗುವಾದಲ್ಲಿ 2021ರ ನವೆಂಬರ್ ಚುನಾವಣೆಗೆ ಮುನ್ನ ಅಧ್ಯಕ್ಷ ಪದವಿಗೆ ನಿಲ್ಲಬಯಸಿದ್ದ ಏಳು ಮಂದಿ ಬಂಧನಕ್ಕೊಳಗಾಗಿ ಲೋಪ ಹೊಂದಿದರು. ಚೀನಾದಲ್ಲಿ ಲೋಪವಾದದ್ದು ವ್ಯಕ್ತಿಗಳಲ್ಲ, ಅಧ್ಯಕ್ಷರಿಗೆ ಸತತ ಎರಡೇ ಅವಧಿ ಎಂಬ ಸಂವಿಧಾನದ ವಾಕ್ಯ. 2018ರ ಮಾರ್ಚಿನಲ್ಲಿ ಅದನ್ನು ತೆಗೆಯುವುದಕ್ಕೆ 2,958 ಮಂದಿ ಮತ ಹಾಕಿದರೆ ವಿರುದ್ಧವಾಗಿ ಬಿದ್ದ ಮತಗಳು ಎರಡು. ಈ ಎರಡನ್ನು ಭಿನ್ನಮತವೆಂದು ಬಗೆಯುವುದು ಅವಸರದ ವ್ಯಾಖ್ಯಾನ. ಮುದ್ದಾದ ಮಗುವಿನ ಕೆನ್ನೆಗೆ ತಾಯಿ ಇಡುವ ದೃಷ್ಟಿಬೊಟ್ಟು ಎಂಬುದೇ ಯುಕ್ತ. ದೃಷ್ಟಿಬೊಟ್ಟನ್ನು ಒರೆಸಿದರೆ ಆಗುವ ಅನಾಹುತಕ್ಕೆ ಇರಾಕು ಸಾಕ್ಷಿ: 1995ರಲ್ಲಿ ಶೇ. 99.96 ಬಂದಾಗ ಕ್ಷೇಮವಾಗಿದ್ದ ಸದ್ದಾಂ ಹುಸೇನನು 2002ರ ಅಕ್ಟೋಬರಿನಲ್ಲಿ ಶೇ. 100 ಪಡೆದುಕೊಂಡು, ಆರೇ ತಿಂಗಳಲ್ಲಿ ಬಾಗ್ದಾದನ್ನೇ ಕಳೆದುಕೊಂಡನು.

ಲೋಪದ ಪರಾಕಾಷ್ಠೆ ಬೆಲಾರುಸಿನದು. 2011ರ ಬೇಸಿಗೆಯಲ್ಲಿ ಅಲ್ಲಿನ ಜನರು ಘೋಷಣೆ, ಫಲಕ, ಭಾಷಣ ಎಲ್ಲವನ್ನೂ ತಾವೇ ಲೋಪಗೊಳಿಸಿಕೊಂಡು, ಚೌಕಗಳಲ್ಲಿ ಬರಿದೇ ನಿಂತು ಚಪ್ಪಾಳೆ ತಟ್ಟತೊಡಗಲು, ಪೊಲೀಸರು ತಟ್ಟಿದವರನ್ನು ವ್ಯಾನಿಗೆ ತುಂಬಿದರು. ಹಾಗೆ ಸಿಕ್ಕಿಬಿದ್ದವರಲ್ಲಿ ಒಂದೇ ಕೈಯಿದ್ದ ಒಬ್ಬಾತನೂ ಇದ್ದು, ಆತನಿಗೂ ದಂಡ ಬಿದ್ದಿತು. ಒಂದು ಕೈಯಲ್ಲಿ ಚಪ್ಪಾಳೆಯಾಗದು ಎಂದು ಕನ್ನಡಿಗರು ತಲೆತಲಾಂತರದಿಂದ ನಂಬಿಕೊಂಡು ಬಂದ ಗಾದೆಯು ಹೀಗೆ ಪರದೇಶದ ನ್ಯಾಯಾಲಯದಲ್ಲಿ ಅಸಿಂಧುವಾಯಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಾಧನೆಗಳಿಗೆ ಕೊಡುವ ಇಗ್ ನೊಬೆಲ್ ಶಾಂತಿ ಪ್ರಶಸ್ತಿಯು 2013ರಲ್ಲಿ ಅಲ್ಲಿನ ಅಧ್ಯಕ್ಷರಿಗೂ ಪೊಲೀಸರಿಗೂ ಒಟ್ಟಾಗಿ ಸಂದದ್ದು ಈ ಸಂಶೋಧನೆಗೇ.

ಎರಡನೆಯದು ಆಗಮ, ಎಂದರೆ ಎರಡು ಪದಗಳಲ್ಲೂ ಇಲ್ಲದ ಅಕ್ಷರವೊಂದು ನಡುವೆ ಬಂದು ಕೂರುವುದು. ಮತಪೆಟ್ಟಿಗೆ ಮತ್ತು ಅಲ್ಲಿ ಸೇರಿ ಮತಪೆಟ್ಟಿಗೆಯಲ್ಲಿ ಎಂದಾಗುವಾಗ ನಡುವಣ ಯಕಾರವು ಎಲ್ಲಿಂದ ಬಂತೆಂದು ಕೇಳಬಾರದು. ಲೈಬೀರಿಯಾದ 1927ರ ಚುನಾವಣೆಯಲ್ಲಿ ಮತದಾರರು ಸುಮಾರು 15,000; ಗೆದ್ದ ಚಾರ್ಲ್ಸ್ ಕಿಂಗ್ ಅವರಿಗೆ ಬಂದ ಮತಗಳು ಎರಡು ಲಕ್ಷಕ್ಕೂ ಮೇಲೆ. ಅಜರ್ಬೈಜಾನಿನಲ್ಲಿ 2013ರಲ್ಲಿ ಮತದಾನದ ಹಿಂದಿನ ದಿನವೇ ಫಲಿತಾಂಶವು ಮೊಬೈಲ್ ಆ್ಯಪಿನಲ್ಲಿ ಆಗಮಿಸಿತು. ಅದು ಬರೀ ಪರೀಕ್ಷೆಗೆ ಹಾಕಿದ್ದೆಂಬ ಸಮಜಾಯಿಷಿಯೂ ಹಿಂದೆಯೇ ಆಗಮಿಸಿತು. ತುರ್ತುಪರಿಸ್ಥಿತಿಯ ಭಾರತವೂ ಈ ಸೂತ್ರವನ್ನು ಅರಿಯದ್ದಲ್ಲ: 1976ರ 42ನೆಯ ತಿದ್ದುಪಡಿಯಿಂದ ಲೋಕಸಭೆಯ ಐದು ವರ್ಷಕ್ಕೆ ಒಂದು ವರ್ಷದ ಆಗಮವಾಗಿ ಆರಾಯಿತು, 44ನೆಯದು ಬಂದು ಅದನ್ನು ಬಿಡಿಸಿತು.

ಮೂರನೆಯದೂ ಶ್ರೇಷ್ಠವಾದದ್ದೂ ಆದೇಶ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಕಕಾರದ ಜಾಗಕ್ಕೆ ಗಕಾರ ಬರುವಂತೆ, ಒಂದಿದ್ದಲ್ಲಿ ಇನ್ನೊಂದು ಬರುವುದಕ್ಕೆ ವ್ಯಾಕರಣದಲ್ಲಿ ಆದೇಶವೆನ್ನುತ್ತಾರೆ. ಕಚೇರಿಯಲ್ಲಿ ಅದೇ ಪದಕ್ಕೆ ಇರುವ ಅರ್ಥ ಸರ್ವವಿದಿತ. ಎರಡೂ ಅರ್ಥಗಳು ಒಂದೇ ಘಟನೆಯಲ್ಲಿ ಕೂಡಿದ್ದು ಮತ್ತೆ ಬೆಲಾರುಸಿನಲ್ಲೇ. 2006ರ ಚುನಾವಣೆಯಲ್ಲಿ ತಮಗೆ ಬಿದ್ದದ್ದು ನಿಜಕ್ಕೂ ಶೇ. 93ರಷ್ಟೆಂದೂ, ಅಷ್ಟಾದರೆ ಯುರೋಪಿನವರು ಮೆಚ್ಚುವುದಿಲ್ಲವೆಂದು ಅದನ್ನು ಶೇ. 86ಕ್ಕೆ ಇಳಿಸಲಾಯಿತೆಂದೂ ಅಧ್ಯಕ್ಷ ಲುಕಶೆಂಕೊ ಅವರೇ ಅದೇ ವರ್ಷ ಬಾಯಿಬಿಟ್ಟು ಹೇಳಿದರು. ಆಯೋಗ ಪ್ರಕಟಿಸಿದ್ದು ಸುಮಾರು ಶೇ. 83 ಆದುದರಿಂದ, ಉಳಿದ ಮೂರು ಎಲ್ಲಿ ಹೋಯಿತೆಂಬುದು ಈ ಶಾಸ್ತ್ರದಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆ. ತನ್ನ ವಿರುದ್ಧವೇ ಮತಗಳ್ಳತನ ಮಾಡಿಕೊಂಡೆನೆಂದು ಗೆದ್ದವನೇ ಹೇಳಿಕೊಂಡದ್ದು, ಈ ಪ್ರಕರಣದ ಅಭಿಪ್ರಾಯದಲ್ಲಿ, ವಿನಯದ ಪರಮಾವಧಿ.

ಆದೇಶದಿಂದ ಸ್ಥಾನ ಬಿಟ್ಟುಕೊಟ್ಟ ಮೂಲ ಅಕ್ಷರಕ್ಕೆ ಪಾಣಿನಿಯ ಪರಂಪರೆಯಲ್ಲಿ ಸ್ಥಾನಿಯೆಂದು ಹೆಸರು. ಬದಲಿಗೆ ಬಂದದ್ದು ಸ್ಥಾನಿಯಂತೆಯೇ ನಡೆದುಕೊಳ್ಳತಕ್ಕದ್ದೆಂಬುದು ಸ್ಥಾನಿವದ್ಭಾವ. ರಷ್ಯಾದಲ್ಲಿ 2008ರಿಂದ 2012ರವರೆಗೆ ಪುಟಿನ್ ಅವರ ಸ್ಥಾನದಲ್ಲಿ ಮೆಡ್ವೆಡೆವ್ ಆದೇಶವಾಗಿ ಬಂದು, ಸ್ಥಾನಿಯು ಪಕ್ಕದ ಕೋಣೆಯಲ್ಲಿ ಪ್ರಧಾನಿಯಾಗಿ ಕುಳಿತದ್ದಕ್ಕಿಂತ ಸ್ಪಷ್ಟವಾದ ಉದಾಹರಣೆ ಪಾಣಿನಿಗೂ ಸಿಕ್ಕಿರಲಾರದು. 2020ರ ತಿದ್ದುಪಡಿಯು ಹಿಂದಿನ ಅವಧಿಗಳನ್ನೆಲ್ಲ ಸೊನ್ನೆಯೆಂದು ಎಣಿಸಿ 2036ರವರೆಗೆ ದಾರಿ ಮಾಡಿಕೊಟ್ಟದ್ದು ಲೋಪವೋ ಆದೇಶವೋ ಎಂಬ ಚರ್ಚೆಯನ್ನು, ಅಲ್ಲಿ ಚರ್ಚಿಸುವವರೇ ಲೋಪವಾಗಿರುವುದರಿಂದ, ಇಲ್ಲಿಗೆ ಬಿಡಲಾಗಿದೆ.

ಇನ್ನು ಅಪವಾದ. ಸಂಧಿಯಾಗಬೇಕಾದಲ್ಲಿ ಆಗದೆ ಪದಗಳು ಇದ್ದಂತೆಯೇ ಇರುವುದು ಪ್ರಕೃತಿಭಾವ. ಅಕ್ಕಾ, ಇತ್ತ ಬಾ ಎಂದು ದೂರದಿಂದ ಕೂಗಿ ಕರೆಯುವಾಗ, ಅಂದರೆ ದನಿ ಏರಿದಾಗ, ಹೀಗಾಗುತ್ತದೆ. ಇದಕ್ಕೆ ಉದಾಹರಣೆ ಗ್ಯಾಂಬಿಯಾ. ಅಲ್ಲಿನ ಮತಗಟ್ಟೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬಣ್ಣ ಬಳಿದ ಒಂದೊಂದು ಡ್ರಮ್ಮು ಇರುತ್ತಿತ್ತು. ಮತದಾರನು ಅದರ ಕೊಳವೆಯೊಳಗೆ ಗಾಜಿನ ಗೋಲಿಯೊಂದನ್ನು ಬಿಟ್ಟರೆ, ಅದು ಒಳಗಿನ ಗಂಟೆಗೆ ತಾಗಿ ಟಣ್ಣೆನ್ನುತ್ತಿತ್ತು. ಬಿದ್ದ ಗೋಲಿ ಪುಟಿದು ಸದ್ದು ಮಾಡದಿರಲೆಂದು ತಳದಲ್ಲಿ ಮರಳನ್ನೋ ಮರದ ಹೊಟ್ಟನ್ನೋ ಹಾಸುತ್ತಿದ್ದರು, ಏಕೆಂದರೆ ಎರಡನೆಯ ಟಣ್ ಕೇಳಿದರೆ ಆಗಮಸಂಧಿಯಾಗಿದೆಯೆಂದು ಹೊರಗೆ ಕೂತವರಿಗೆ ತಿಳಿಯಬೇಕಷ್ಟೆ. ದೇವರು ಒಪ್ಪಿದರೆ ನೂರು ಕೋಟಿ ವರ್ಷ ಆಳುವುದಾಗಿ ಹೇಳಿದ್ದ ಯಾಹ್ಯಾ ಜಾಮೆ ಅವರು 2016ರ ಡಿಸೆಂಬರ್ 1ರಂದು, 22 ವರ್ಷಗಳ ಆಳ್ವಿಕೆಯ ಬಳಿಕ, ಇದೇ ಗೋಲಿಗಳಿಂದ ಸೋತರು. ಸೋಲನ್ನು ಮೊದಲು ಒಪ್ಪಿ, ವಾರ ಕಳೆದು ಒಲ್ಲೆನೆಂದು, ನೆರೆರಾಷ್ಟ್ರಗಳ ಸೈನ್ಯ ಗಡಿ ದಾಟಿದ ಮೇಲೆ ಜನವರಿಯಲ್ಲಿ ವಿಮಾನವೇರಿದರು. ಅವರು ಹೋಗಿ ನೆಲೆಸಿದ್ದು ಈಕ್ವೆಟೋರಿಯಲ್ ಗಿನಿಯಲ್ಲಿ; ಅಲ್ಲಿ 1979ರಿಂದ ಆಳುತ್ತಿರುವವರು ಒಬ್ಬರೇ, ಮತಪೆಟ್ಟಿಗೆಗಳಲ್ಲಿ ಗಂಟೆ ಇರುವುದಿಲ್ಲ.