ಗಾಳದಂಡ ಕುಲನಿರ್ಣಯ: ಒಂದು ಬಹುಶಿಸ್ತೀಯ ಅನುಸಂಧಾನ

1. ಪ್ರಸ್ತಾವನೆ

ಗಾಳದ ಕೋಲಿನ ತಾತ್ವಿಕ ನೆಲೆಗಟ್ಟನ್ನು ಕುರಿತು ಕನ್ನಡ ವಿದ್ವತ್ತು ಈವರೆಗೆ ತುಟಿ ಬಿಚ್ಚಿಲ್ಲ. ಕೋಲನ್ನು ಬಲ್ಲವರು ಅದನ್ನು ಹಿಡಿದು ಹೊಳೆಗೆ ಹೋಗಿಬಿಡುತ್ತಿದ್ದರು. ಅವರಿಗೆ ಪ್ರಬಂಧ ಬರೆಯಲು ಪುರುಸೊತ್ತಿರಲಿಲ್ಲ. ಈ ಜ್ಞಾನಶೂನ್ಯವನ್ನು ತುಂಬುವುದೇ ಪ್ರಸ್ತುತ ಲೇಖನದ ಆಶಯ.

ಅಧ್ಯಯನದ ಆಕರ ಒಂದೇ ಒಂದು ಕೋಲು. ಶ್ರೀರಂಗಪಟ್ಟಣದ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಒನಕೆಗೂ ಮುರಿದ ತೊಟ್ಟಿಲಿಗೂ ನಡುವೆ ಸಿಕ್ಕಿದ್ದು. ಅದರ ಕಾಲ, ಕುಲ ನಿರ್ಣಯಿಸಲು ಬೆಂಗಳೂರಿನಿಂದ ಪರಂಪರಾ ವಸ್ತುಗಳ ತಜ್ಞರೊಬ್ಬರು ಬಂದರು. ಬಿಳಿ ಕೈಗವಸು ತೊಟ್ಟು ಮೂರು ಗಂಟೆ ನೋಡಿ, ನಾಲ್ಕು ಲೋಟ ಕಾಫಿ ಕುಡಿದು, ವಾರದ ಮೇಲೆ 14 ಪುಟದ ವರದಿ ಕಳಿಸಿದರು. ಈ ಪ್ರಬಂಧವು ಆ ವರದಿಯೊಂದಿಗಿನ ಒಂದು ‘ಮುಖಾಮುಖಿ’. (ಈ ಪದವಿಲ್ಲದೆ ಪ್ರಬಂಧ ಪೂರ್ತಿಯಾಗುವುದಿಲ್ಲವೆಂದು ಬಲ್ಲವರು ಹೇಳಿದ್ದಾರೆ.)

2. ಪೂರ್ವಸೂರಿಗಳು

ಮೊದಲನೆಯವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಹನ್ನೆರಡನೆಯ ಶತಮಾನದ ಅವನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂದೇ ಒಂದು ಭಾಗವಿದೆ, ಯಾವ ಮೀನಿಗೆ ಯಾವ ಎರೆ ಎಂಬುದನ್ನೂ ಅವನು ಬಿಟ್ಟಿಲ್ಲ. ರಾಜ್ಯಭಾರದ ನಡುವೆ ಮೀನಿನ ರುಚಿ ವಿಚಾರಿಸಿದ ದೊರೆಗೆ ನಮಸ್ಕಾರ. ಎರಡನೆಯವನು ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್. ಅವನ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ಮೂರನೆಯವರು ನಮ್ಮ ತಾತ. ಅವರು ಏನೂ ಬರೆಯಲಿಲ್ಲ. ಹರಿಗೋಲು ಹಾಕುತ್ತಿದ್ದರು.

3. ಪಂಚಲಕ್ಷಣ

ಕೋಲಿನ ಗುರುತು ಐದು ನೆಲೆಗಳಲ್ಲಿ ಪ್ರಕಟವಾಗುತ್ತದೆ: ಕಾಷ್ಠನೆಲೆ, ಸಂಧಿನೆಲೆ, ಬಂಧನೆಲೆ, ವಲಯನೆಲೆ, ಲಿಪಿನೆಲೆ.

3.1 ಕಾಷ್ಠನೆಲೆ. ಕೋಲು ಇಡಿಯಾದ ಮರದ್ದಾಗಿ, ಹಿಡಿದ ಕೈ ಸೋಲುವಷ್ಟು ಭಾರವಾಗಿದ್ದರೆ ಅದು ಗಯಾನಾದ ಗ್ರೀನ್‌ಹಾರ್ಟ್ ಇದ್ದೀತು. ಆರು ತ್ರಿಕೋನದ ಸೀಳುಗಳನ್ನು ಅಂಟಿಸಿ ಆರು ಮೂಲೆಯ ಕಡ್ಡಿ ಮಾಡಿದ್ದರೆ ಸೀಳುಬಿದಿರು. ಅದರಲ್ಲೂ ಎರಡು ಬಗೆ. ಹಳೆಯದು ‘ಕಲ್ಕತ್ತಾ ಕೇನ್’, ಮೈಮೇಲೆ ಬೆಂಕಿಯಲ್ಲಿ ಸುಟ್ಟ ಕಲೆಗಳಿರುತ್ತವೆ. ಆಮೇಲಿನದು ಚೀನಾದ ಗ್ವಾಂಗ್‌ಡಾಂಗ್ ಕಡೆಯ ‘ಟಾಂಕಿನ್’, ನಾರು ಒತ್ತಾಗಿ ನೆಟ್ಟಗಿರುತ್ತದೆ.

ಇಲ್ಲಿ ಒಂದು ಮಾತು. ಕಲ್ಕತ್ತಾ ಕೇನ್ ಎಂಬ ಆ ಘನವಸ್ತು ಬೇರೇನಲ್ಲ, ಒಳಗೆ ಪೊಳ್ಳು ಕಡಿಮೆಯಿರುವ ಗಂಡು ಬಿದಿರು. ನಮ್ಮ ಕಾಡುಗಳಲ್ಲೂ ಬೆಳೆಯುತ್ತದೆ. ಅದು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಸೀಳಿಸಿಕೊಂಡು, ಅಂಟು-ವಾರ್ನಿಷು ಮೆತ್ತಿಸಿಕೊಂಡು, ಪೌಂಡಿನ ಬೆಲೆಪಟ್ಟಿಯೊಂದಿಗೆ ತಿರುಗಿ ಬಂತು. ವರದಿ ಇದನ್ನು ‘ಖಂಡಾಂತರ ದ್ರವ್ಯಸಂಚಲನ’ ಎಂದು ಕರೆದಿದೆ. ನಮ್ಮೂರ ಮೇದರ ಹಿರಿಯರಿಗೆ ಇದನ್ನು ಓದಿ ಹೇಳಿದೆ. ಅವರು ಬೇರೊಂದು ಪದ ಬಳಸಿದರು. ಅದು ಶೋಧಪತ್ರಿಕೆಗೆ ಒಗ್ಗುವುದಿಲ್ಲ.

3.2 ಸಂಧಿನೆಲೆ. ಕೋಲಿನ ತುಂಡುಗಳು ಕೂಡುವ ಲೋಹದ ಕೊಳವೆಯೇ ಸಂಧಿ. ಹಿತ್ತಾಳೆಯದು ಸಾಮಾನ್ಯ, ಜರ್ಮನ್ ಸಿಲ್ವರಿನದು ಮೇಲ್ದರ್ಜೆ. ಕೇಶಿರಾಜನ ಮರ್ಯಾದೆ ಉಳಿಸಿ ವಿಂಗಡಿಸುವುದಾದರೆ: ಕೊಳವೆ ಕಳೆದುಹೋಗಿದ್ದರೆ ಲೋಪಸಂಧಿ, ಸಡಿಲವಾದೀತೆಂದು ಒಳಗೆ ಕಾಗದ ತುರುಕಿದ್ದರೆ ಆಗಮಸಂಧಿ, ಸೈಕಲ್ ಪಂಪಿನ ತುಂಡು ಕತ್ತರಿಸಿ ಹಾಕಿದ್ದರೆ ಆದೇಶಸಂಧಿ. ತುಂಡುಗಳನ್ನು ಎಳೆದಾಗ ‘ಟಪ್’ ಎಂದು ಗಾಳಿ ಸದ್ದು ಮಾಡಿದರೆ ಜೋಡಣೆ ಬಿಗಿಯಾಗಿದೆ ಎಂದರ್ಥ. ನಮ್ಮದು ಟಪ್ ಎಂದಿತು. ತಜ್ಞರು ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಎಳೆದರು.

3.3 ಬಂಧನೆಲೆ. ಹಳೆಯ ಕೋಲುಗಳ ಸೀಳುಗಳನ್ನು ಅಂಟಿಸುತ್ತಿದ್ದುದು ಪ್ರಾಣಿಯ ಚರ್ಮ-ಮೂಳೆಯ ಸರೇಸಿನಿಂದ. ನೀರಿನ ತೇವಕ್ಕೆ ಅದು ಬಿಟ್ಟುಕೊಳ್ಳುತ್ತದೆ. ಹಾಗಾಗಿ ಅಂಗುಲ ಎರಡಂಗುಲಕ್ಕೊಂದರಂತೆ ರೇಷ್ಮೆ ನೂಲು ಸುತ್ತುತ್ತಿದ್ದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ರಾಸಾಯನಿಕ ಅಂಟು ಬಂದು ಸುತ್ತುಗಳು ವಿರಳವಾದವು. ಸುತ್ತು ಒತ್ತಾಗಿದ್ದಷ್ಟೂ ಕೋಲು ಹಳೆಯದಿರುವ ಸಂಭವ ಹೆಚ್ಚು.

ನಮ್ಮ ಕೋಲಿನ ನಡುತುಂಡಿನಲ್ಲಿ ಮಾತ್ರ ಒಂದು ಗೇಣಿನಷ್ಟು ಸುತ್ತು ರೇಷ್ಮೆಯದಲ್ಲ. ಬಲೆ ಹೆಣೆಯುವ ದಾರ, ಮೇಣ ತಿಕ್ಕಿದ್ದು, ಸುತ್ತಿಗೆ ಸುತ್ತು ತಾಗಿಕೊಂಡು ಒಂದು ಕೂದಲೂ ಆಚೀಚೆಯಾಗಿಲ್ಲ. ಬಿರುಕು ಬಿಟ್ಟ ಕೋಲನ್ನು ಅದರ ಒಡೆಯನಾಗಿದ್ದ ಬಿಳಿಯ ದೊರೆ ಎಸೆಯಹೊರಟಾಗ, ಅವನಿಗೆ ಹರಿಗೋಲು ಹಾಕುತ್ತಿದ್ದ ತಾತ ಕೇಳಿ ತಂದು ಕಟ್ಟಿದ್ದು. ಅದರ ಬಗ್ಗೆ ವರದಿಯ ಒಂಬತ್ತನೆಯ ಪುಟ: ‘ಅನಧಿಕೃತ ಸ್ಥಳೀಯ ಹಸ್ತಕ್ಷೇಪ. ಮೌಲ್ಯದಲ್ಲಿ ಶೇ. 40 ಕುಸಿತ. ಬಿಚ್ಚಿ ಮೂಲಸ್ಥಿತಿಗೆ ತರತಕ್ಕದ್ದು.’

3.4 ವಲಯನೆಲೆ. ದಾರ ಹಾಯುವ ಉಂಗುರಗಳು. ಹಾವಿನಂತೆ ತಿರುಚಿದ ತಂತಿಯವು ಒಂದು ಬಗೆ, ಅಗೇಟ್ ಕಲ್ಲು ಕೂರಿಸಿದವು ಇನ್ನೊಂದು, ಮೂರನೆಯದು... ಬೇಡ. ಕೋಲು ಸಿಕ್ಕಿದವರು ತಾವೇ ನೋಡಿಕೊಳ್ಳಲಿ.

3.5 ಲಿಪಿನೆಲೆ. ಹಿಡಿಕೆಯ ಮೇಲ್ಭಾಗದಲ್ಲಿ, ವಾರ್ನಿಷಿನ ಕೆಳಗೆ, ಮಸಿಯಲ್ಲಿ ತಯಾರಕರ ಹೆಸರು. ನಮ್ಮದರಲ್ಲಿ ಇಂಗ್ಲೆಂಡಿನ ಆಲ್ನಿಕ್ ಊರಿನ ಹಾರ್ಡಿ ಕಂಪನಿಯದು, ಜೊತೆಗೆ ಒಂದು ಕ್ರಮಸಂಖ್ಯೆ. ಆ ಸಂಖ್ಯೆ ಹಿಡಿದು ತಜ್ಞರು ಕೋಲು ಹುಟ್ಟಿದ ವರ್ಷ ಹೇಳಿಬಿಟ್ಟರು. ನಮ್ಮ ತಾತ ಹುಟ್ಟಿದ ವರ್ಷ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಪ್ಲೇಗು ಬಂದು ಊರು ಬಿಟ್ಟಿದ್ದರಲ್ಲ, ಅದರ ಮಾರನೆಯ ವರ್ಷ ಎನ್ನುತ್ತಿದ್ದರು ಅಜ್ಜಿ.

4. ಒಡೆತನದ ಕಥನ

ಈ ಅಧ್ಯಾಯ ವರದಿಯಲ್ಲಿ ನಾಲ್ಕು ಪುಟ. ದೊರೆಯ ದಂಡು, ಅವನ ಕ್ಲಬ್ಬು, ಅವನ ಭಾವಮೈದುನನ ಬಿಸ್ಕತ್ತಿನ ವ್ಯಾಪಾರ. ಕಾವೇರಿಯಲ್ಲಿ 1919ರಲ್ಲಿ ರಿವೆಟ್-ಕಾರ್ನಾಕ್ ಹಿಡಿದ 119 ಪೌಂಡಿನ ಮಹಶೀರ್, ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗನ್ ಹಿಡಿದ 120 ಪೌಂಡಿನ ಮಹಶೀರ್, ಎರಡಕ್ಕೂ ಜಾಗವಿದೆ. ತಾತನಿಗೆ ಎರಡು ಪದ: ‘ಓರ್ವ ಅಂಬಿಗ’.

ಸ್ವಾಮಿ, ಆ ಓರ್ವ ಅಂಬಿಗನಿಗೆ ಯಾವ ಮಡುವಿನಲ್ಲಿ ಯಾವ ತಿಂಗಳು ನೀರು ಹೇಗೆ ಸುಳಿಯುತ್ತದೆಂದು ಗೊತ್ತಿತ್ತು. ದೊರೆಗೆ ಗೊತ್ತಿರಲಿಲ್ಲ. ಮಣಗಟ್ಟಲೆ ತೂಗುವ ಮೀನು ಗಾಳ ಕಚ್ಚಿ ಬಂಡೆಗಳ ನಡುವೆ ಓಡಿದರೆ ಹರಿಗೋಲನ್ನೂ ಅದರ ಹಿಂದೆಯೇ ಬಿಡಬೇಕು. ದೊರೆಯ ಎರಡು ಕೈಯೂ ಕೋಲಿನ ಮೇಲಿರುತ್ತವೆ. ಹುಟ್ಟು ಯಾರ ಕೈಯಲ್ಲಿತ್ತು? ಗಾಳಕ್ಕೆ ಸಿಕ್ಕಿಸುತ್ತಿದ್ದ ರಾಗಿಮುದ್ದೆಯನ್ನು (ವರದಿಯಲ್ಲಿ ‘ಧಾನ್ಯಮೂಲ ಆಮಿಷ’) ಬೆಳಗಿನ ಜಾವ ತೊಳಸುತ್ತಿದ್ದವರು ನಮ್ಮ ಅಜ್ಜಿ. ‘ಮಕ್ಕಳಿಗಿಲ್ದಿದ್ರೂ ಮೀನಿಗೆ ಮುದ್ದೆ ಆಗ್ಬೇಕು’ ಎಂದು ಗೊಣಗುತ್ತಲೇ ತೊಳಸುತ್ತಿದ್ದರಂತೆ.

ಇಷ್ಟೊತ್ತು ನಗಿಸಲು ನೋಡಿದೆ. ಇನ್ನು ಆಗುವುದಿಲ್ಲ. ಈ ಕೋಲು ಹಿಡಿದ ಮೀನನ್ನೇ ನೋಡಿ. ಕಾವೇರಿಯ ಗೂನುಬೆನ್ನಿನ ಮಹಶೀರ್, ತಾತನ ಬಾಯಲ್ಲಿ ಬಿಳಿಮೀನು. ದೊರೆಗಳು ಅದನ್ನು ತೂಗಿದರು, ಅಳೆದರು, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ಆದರೆ ಅದು ಯಾವ ಜಾತಿಯದೆಂದು ವಿಜ್ಞಾನಕ್ಕೆ ಖಚಿತವಾದದ್ದು 2018ರಲ್ಲಿ. ಪಂಬಾರ್ ಹೊಳೆಯ ಮೀನಿಗೆ 2007ರಲ್ಲಿ ಇಟ್ಟಿದ್ದ ಟಾರ್ ರೆಮಾದೇವಿ ಎಂಬ ಹೆಸರೇ ಇದಕ್ಕೂ ಸಲ್ಲುತ್ತದೆಂದು ಆಗ ಗೊತ್ತಾಯಿತು. ಅದೇ ವರ್ಷ ಅಳಿವಿನಂಚಿನ ಕೊನೆಯ ಮೆಟ್ಟಿಲಿನ ಪಟ್ಟಿಗೂ ಅದು ಸೇರಿತು. ಅಣೆಕಟ್ಟು ಕಟ್ಟಿದೆವು, ಮಡುಗಳಿಗೆ ಸಿಡಿಮದ್ದು ಎಸೆದೆವು, ಮರಳು ಬಗೆದೆವು; ಮೀನು ಹೆಚ್ಚಲೆಂದು ಲೋಣಾವಳದಲ್ಲಿ ಮರಿ ಮಾಡಿಸಿದ ಬೇರೊಂದು ಜಾತಿಯ ಮಹಶೀರನ್ನು ತಂದು ಬಿಟ್ಟೆವು. ಕೋಲಿನ ಉಂಗುರಕ್ಕೆ ನಾಲ್ಕು ಉಪಭೇದ ಕಂಡುಹಿಡಿದ ಕಣ್ಣುಗಳಿಗೆ ಹೊಳೆಯಲ್ಲಿ ಬೆನ್ನಿನ ಗೂನು ಕಾಣದೆಹೋದದ್ದು ಕಾಣಲಿಲ್ಲ.

5. ಫಲಿತಗಳು

ವರದಿಯ ಜೊತೆಗೊಂದು ನಮೂನೆ ಇತ್ತು. ‘ಸ್ಥಳೀಯ ಸುತ್ತುಗಳನ್ನು ಬಿಚ್ಚಲು ಒಪ್ಪಿಗೆ: ಹೌದು / ಇಲ್ಲ.’ ಇಲ್ಲ ಎಂಬುದಕ್ಕೆ ಗುರುತು ಹಾಕಿ ಕಳಿಸಿದೆ. ನಾಲ್ಕನೆಯ ದಿನ ಫೋನು ಬಂತು.

‘ಹಾಗಾದ್ರೆ ಪ್ರಮಾಣಪತ್ರ ಕೊಡೋಕಾಗಲ್ಲ ಸಾರ್.’

‘ಬೇಡ ಬಿಡಿ ಸಾರ್.’

‘ಅಲ್ಲ, ಆ ದಾರ ಇದ್ರೆ ಅದನ್ನ ಯಾವ ಕೋಲು ಅಂತ ಹೇಳೋದು?’

ನುಗ್ಗೆಯ ಕಾಲ. ಕೋಲು ಸದ್ಯ ಹಿತ್ತಿಲಲ್ಲಿದೆ, ತುದಿಗೊಂದು ಕೊಕ್ಕೆ ಕಟ್ಟಿದ್ದೇನೆ. ಕಾಯಿ ಎಳೆದಾಗ ಮೂರೂ ತುಂಡು ಚೆನ್ನಾಗಿ ಬಾಗುತ್ತವೆ. ತಾತ ಸುತ್ತಿದ ಕಡೆ ಮಾತ್ರ ಬಾಗು ಸ್ವಲ್ಪ ಕಮ್ಮಿ.